ನಾಲ್ಕು ವರ್ಷ ನಾನು ನಿವೃತ್ತ ಶಿಕ್ಷಕಿ

ಚೈತ್ರಾ, ನಿತಿನ್, ಕೇಳಿ. ಓದದೆ ರುಜು ಹಾಕುವುದರಲ್ಲಿ ನಿಮ್ಮ ಅಜ್ಜಿಯನ್ನು ಮೀರಿಸುವವರು ಮಳವಳ್ಳಿ ತಾಲ್ಲೂಕಿನಲ್ಲೇ ಇಲ್ಲ. ಯಾರಾದರೂ ಕಾಗದ ಮುಂದಿಟ್ಟು "ಇಲ್ಲೊಂದು, ಕೆಳಗೊಂದು" ಎಂದು ಬೆರಳು ತೋರಿಸಿದರೆ ಸಾಕು, ನನ್ನ ಕೈ ತಾನಾಗಿಯೇ 'ಗೌರಮ್ಮ' ಎಂದು ಬರೆದು ಮುಗಿಸಿರುತ್ತದೆ. ಇದೇನು ಕಾಗದ ಎಂದು ಕೇಳಲು ಸಂಕೋಚ. ನಾಲ್ಕು ಜನ ಗಂಡಸರು ಕೂತಿರುವ ಕಡೆ ಮಾತಾಡಿದರೆ ನನ್ನ ದನಿ ನನಗೇ ಯಾರದ್ದೋ ಅನ್ನಿಸುತ್ತದೆ. ಸ್ಕೂಲಿನಲ್ಲೂ ಹಾಗೆಯೇ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಪಕ್ಕದವಳಿಗೆ ಪಿಸುಗುಟ್ಟಿ ಹೇಳುತ್ತಿದ್ದೆ, ಅವಳು ಎದ್ದು ನಿಂತು ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದಳು.

ನಿಮ್ಮ ತಾತ ಹೋದ ಮೇಲೆ ಆದಾಯ ತೆರಿಗೆಯ ರಿಟರ್ನ್ ಹಾಕುವ ಕೆಲಸವೂ ಹೀಗೆ ಬರೀ ರುಜುವಿನಲ್ಲೇ ನಡೆದುಕೊಂಡು ಬಂತು. ಅವರ ಮೇಷ್ಟ್ರ ಕೆಲಸದಿಂದ ನನಗೆ ಕುಟುಂಬ ಪಿಂಚಣಿ ಬರುತ್ತದೆ, ಜೊತೆಗೆ ಠೇವಣಿಯ ಬಡ್ಡಿ. ತೆರಿಗೆ ಕಟ್ಟುವಷ್ಟು ಆದಾಯವಲ್ಲ. ಆದರೂ ಬಡ್ಡಿಯಲ್ಲಿ ಬ್ಯಾಂಕಿನವರು ಹಿಡಿದುಕೊಂಡದ್ದು ವಾಪಸು ಬರಬೇಕಾದರೆ ರಿಟರ್ನ್ ಹಾಕಲೇಬೇಕು. ಅದಕ್ಕೆ ಮದ್ದೂರಿನಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ತೆರಿಗೆ ಲೆಕ್ಕ ಬರೆಯುವ ಶಿವಲಿಂಗಯ್ಯನವರ ಆಫೀಸಿಗೆ ನಾಲ್ಕು ವರ್ಷದಿಂದ ಹೋಗುತ್ತಿದ್ದೆ. ಒಳಗೆ ಕಾಲಿಟ್ಟರೆ "ಬನ್ನಿ ಬನ್ನಿ ಮೇಡಮ್ನೋರೆ" ಎಂದು ಫ್ಯಾನಿನ ಕೆಳಗಿನ ಕುರ್ಚಿ ಬಿಡಿಸಿಕೊಡುತ್ತಿದ್ದರು. ಎಷ್ಟು ಮರ್ಯಾದಸ್ಥರು ಎಂದುಕೊಳ್ಳುತ್ತಿದ್ದೆ.

ಈ ವರ್ಷ ಫಾರಂ ಬದಲಾಗಿದೆ ಎಂದು ಚೈತ್ರಾ ನೀನೇ ಫೋನಿನಲ್ಲಿ ಗದರಿದೆಯಲ್ಲ, "ಓದ್ದೆ ಸೈನ್ ಹಾಕಿದ್ರೆ ನೋಡಜ್ಜಿ!" ಎಂದು. ಹೊಸ ಫಾರಂ ಒಂದನ್ನೂ ಹೋದ ವರ್ಷದ ಪ್ರತಿಯನ್ನೂ ಎದುರಿಗಿಟ್ಟುಕೊಂಡು ಕೂತೆ. ನನ್ನ ಇಂಗ್ಲಿಷ್ ಮಾತ್ರೆಯ ಪಟ್ಟಿಯ ಮೇಲಿನ ತಾರೀಖು ಓದುವಷ್ಟು. ಎರಡರದೂ ಫೋಟೊ ತರಿಸಿಕೊಂಡು ನೀನು ಫೋನಿನಲ್ಲೇ ಒಂದೊಂದೇ ಸಾಲಿನ ಅರ್ಥ ಹೇಳಿದೆ, ನಾನು ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡೆ. ಶುರು ಮಾಡಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಎಷ್ಟು ಪ್ರಶ್ನೆ ಕೇಳುತ್ತದೆ ಅದು! ಬಳಸದೆ ಬಿಟ್ಟ ಖಾತೆ ಹೊರತು ನಿನ್ನ ಬ್ಯಾಂಕ್ ಖಾತೆಗಳನ್ನೆಲ್ಲ ಹೇಳು ಅನ್ನುತ್ತದೆ. ನಿಮ್ಮಪ್ಪನಿಗೆ ಹೇಳದ ಖಾತೆಯನ್ನೂ ಅದಕ್ಕೆ ಹೇಳಬೇಕಾಯಿತು. ಇನ್ನೊಂದು ಕಡೆ, ತೆರಿಗೆ ಲೆಕ್ಕ ಹಾಕುವ ಹೊಸ ಪದ್ಧತಿಯಿಂದ ಹೊರಗೆ ಹೋಗುತ್ತೀಯಾ ಎಂದು ಕೇಳುತ್ತದೆ. ಏನೂ ಹೇಳದಿದ್ದರೆ ಹೊಸದಕ್ಕೆ ಒಪ್ಪಿದ ಹಾಗೆ. ಇದು ಮಾತ್ರ ನನಗೆ ತಕ್ಷಣ ಅರ್ಥವಾಯಿತು. ನನ್ನನ್ನು ನೋಡಲು ಬಂದಾಗಲೂ ಹೀಗೆಯೇ ಆಗಿತ್ತು. ಕಾಫಿ ಲೋಟ ಇಟ್ಟು ತಲೆ ತಗ್ಗಿಸಿ ನಿಂತೆ, ಹುಡುಗಿ ಒಪ್ಪಿದಳು ಎಂದು ತಾಂಬೂಲ ಬದಲಾಯಿಸಿಯೇ ಬಿಟ್ಟರು.

ಆಮೇಲೆ ಬಂದದ್ದು ಉದ್ಯೋಗ ಯಾವುದು ಎಂಬ ಸಾಲು. ಕುಟುಂಬ ಪಿಂಚಣಿಯವರು 'ಅನ್ವಯಿಸುವುದಿಲ್ಲ' ಎಂದು ಹಾಕಬೇಕು ಎಂದು ಫಾರಮ್ಮಿನಲ್ಲೇ ಇತ್ತು. ಹೋದ ವರ್ಷದ ಪ್ರತಿ ನೋಡಿದರೆ ರಾಜ್ಯ ಸರ್ಕಾರದ ಪಿಂಚಣಿದಾರೆ ಎಂದಿತ್ತು, ಪಿಂಚಣಿಯೂ ಸಂಬಳದ ಜಾಗದಲ್ಲಿ ಕೂತಿತ್ತು. "ಅಜ್ಜಿ, ನೀನೇ ಕೆಲ್ಸ ಮಾಡಿ ರಿಟೈರ್ ಆಗಿದ್ದೀಯ ಇದ್ರಲ್ಲಿ!" ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ. ಮೇಲಿನದೆಲ್ಲ ಸತ್ಯ ಎಂಬ ಸಾಲಿನ ಕೆಳಗೆ ನನ್ನ ಹೆಸರಿತ್ತು. ಇಷ್ಟು ದಿನ ಓದಿರಲಿಲ್ಲ, ಗೊತ್ತಿರಲಿಲ್ಲ. ಈಗ ಗೊತ್ತಾಗಿಯೂ ಅದೇ ರುಜು ಹಾಕಿದರೆ ಸುಳ್ಳು ಹೇಳಿದವಳಾಗುತ್ತೇನೆ. ಅದು ತಪ್ಪಬೇಕಾದರೆ ಶಿವಲಿಂಗಯ್ಯನವರಿಗೆ ಬಾಯಿ ಬಿಟ್ಟು ಹೇಳಬೇಕು.

ಧೈರ್ಯಕ್ಕೆ ಕಿರುಗಾವಲಿನಿಂದ ನನ್ನ ಸೋದರತ್ತೆಯ ಮಗಳು ಜಯಮ್ಮನನ್ನು ಕರೆಸಿಕೊಂಡೆ. ಬಸ್ಸಿನಲ್ಲಿ ಅವಳದೊಂದೇ ಪಟ್ಟು: "ನೀನೇ ಕೇಳ್ಬೇಕು ಕಣಮ್ಮಿ. ನಾನು ತುಟಿ ಬಿಚ್ಚಾಕಿಲ್ಲ."

ಶಿವಲಿಂಗಯ್ಯನವರು ಎಂದಿನಂತೆ ಕುರ್ಚಿ ಕೊಟ್ಟರು, ಕಾಗದ ಇಟ್ಟರು, ಪೆನ್ನು ಕೊಟ್ಟರು. ಕೈ ಆಗಲೇ 'ಗೌ' ಬರೆದುಬಿಟ್ಟಿತ್ತು. ಹೇಗೋ ತಡೆದು, "ಸ್ವಾಮಿ, ನಾನು ಮೇಡಂ ಅಲ್ಲ" ಎಂದೆ.

"ಏನಂದ್ರಿ ಮೇಡಂ?"

ತುಟಿ ಬಿಚ್ಚುವುದಿಲ್ಲ ಎಂದಿದ್ದ ಜಯಮ್ಮ ತಡೆಯಲಾರದೆ ಹೋದಳು. "ಅವ್ಳು ಓದಿರಾದು ಏಳ್ನೇ ಕ್ಲಾಸು ಕಣಯ್ಯ! ಮೇಷ್ಟ್ರಾಗಿದ್ದದ್ದು ಅವಳ ಗಂಡ."

"ಅಯ್ಯೋ ಸಿವ್ನೆ! ಮೇಷ್ಟ್ರಾಗಿದ್ದೋರ ಹೆಸ್ರೇನು ಅಂತ ಮೊದ್ಲನೇ ದಿನ ಕೇಳಿದ್ದಕ್ಕೆ ನಿಮ್ಮ ಪಾಸ್‌ಬುಕ್ಕೇ ಮುಂದಕ್ಕೆ ತಳ್ಳಿದ್ರಲ್ಲ?"

ಹೌದು, ತಳ್ಳಿದ್ದೆ. ಗಂಡನ ಹೆಸರು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ. ಪಡಿತರ ಚೀಟಿಗೆ ಹೋದಾಗಲೂ ಪಕ್ಕದವರ ಕೈಲಿ ಹೇಳಿಸಿದವಳು ನಾನು. ಅಂದು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರು ಪಾಸ್‌ಬುಕ್ ತೆಗೆದು "ಗೌರಮ್ಮ ಅಲ್ವ್ರಾ?" ಎಂದರು, ನಾನು ತಲೆಯಾಡಿಸಿದೆ. ಅಷ್ಟಕ್ಕೇ ನಾಲ್ಕು ವರ್ಷದ ಮೇಷ್ಟ್ರಗಿರಿ!

"ಬುಡಿ ಅತ್ಲಾಗೆ," ಎಂದರು ಶಿವಲಿಂಗಯ್ಯ. "ಹೆಂಗೆ ಬರುದ್ರೂ ನಿಮಗೆ ಟ್ಯಾಕ್ಸು ಸೊನ್ನೇನೆ. ಯಾರು ಕೇಳ್ತಾರೆ? ಹಂಗೇ ಇರ್ಲಿ."

ನಿಜ ಹೇಳಲೇ? ಇರಲಿ ಎಂದು ಆಸೆಯಾಯಿತು. ನಿಮ್ಮ ತಾತ ಪಾಠದಲ್ಲಿ ಗಟ್ಟಿ, ಕೂಡುವುದರಲ್ಲಿ ಅಷ್ಟಕ್ಕಷ್ಟೆ. ಪರೀಕ್ಷೆಯ ಕಟ್ಟು ಮನೆಗೆ ಬಂದರೆ ಒಲೆಯ ಮುಂದೆ ಕೂತು ಅಂಕ ಕೂಡಿದವಳು ನಾನೇ. ಎಷ್ಟೋ ಹುಡುಗರು ಮೂವತ್ತೈದು ದಾಟಿದ್ದು ನಾನು ಎರಡನೇ ಸಲ ಕೂಡಿದ್ದರಿಂದ. ಅರ್ಧ ಮೇಡಂ ಎಂದು ಬರೆಯಲು ಫಾರಮ್ಮಿನಲ್ಲಿ ಜಾಗವಿದ್ದರೆ ಖಂಡಿತ ಬರೆಸುತ್ತಿದ್ದೆ. ಇರಲಿಲ್ಲ. "ಸರಿ ಮಾಡಿ" ಎಂದೆ. ಈ ಸಲ ದನಿ ನನ್ನದೇ ಅನ್ನಿಸಿತು.

ಅವರು ಕಂಪ್ಯೂಟರಿನಲ್ಲಿ ಎರಡು ಸಲ ಟಕ್ ಟಕ್ ಅನ್ನಿಸಿದರು. ಪಿಂಚಣಿ 'ಇತರೆ ಮೂಲ'ಗಳಿಗೆ ಇಳಿಯಿತು, ನಾನು 'ಅನ್ವಯಿಸುವುದಿಲ್ಲ' ಆದೆ. ಪೆನ್ಸಿಲಿನಲ್ಲಿ ಬರೆದುಕೊಂಡದ್ದನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಾಲೂ ಓದಿ ರುಜು ಹಾಕಿದೆ. ಎದ್ದು ಹೊರಟಾಗ, "ಮೆಟ್ಲು ಹುಷಾರು ಅಜ್ಜಿ" ಎಂದರು.

ಬಸ್ ನಿಲ್ದಾಣದವರೆಗೂ ಜಯಮ್ಮ ನಕ್ಕಳು. "ಸುಮ್ನಿದ್ದಾಗ ಸಿಕ್ಕಿದ್ ಕೆಲ್ಸನ ಬಾಯಿ ಬುಟ್ಟು ಕಳ್ಕಂಡಲ್ಲೇ!"

ಹಳೆಯ ನಾಲ್ಕು ರಿಟರ್ನುಗಳನ್ನೂ ತಿದ್ದುವ ಕಾಲ ಮುಗಿಯಿತಂತೆ, ಅವು ಇದ್ದ ಹಾಗೆಯೇ ಇರುತ್ತವಂತೆ. ಕೇಳಿ ಬೇಜಾರಾದವಳ ಹಾಗೆ ಮುಖ ಮಾಡಿದೆ. ಮಕ್ಕಳೇ, ಆ ನಾಲ್ಕು ಪ್ರತಿಗಳನ್ನು ನಿಮಗಾಗಿ ಬರೆದ ಈ ಹಾಳೆಗಳ ಜೊತೆಗೇ ಪಿನ್ ಹಾಕಿದ್ದೇನೆ. ಒದ್ದೆಯಾಗದ ಕಡೆ ಜೋಪಾನವಾಗಿಡಿ. ಹಾಳೆಗಳು ನಿಮಗೆ ನಿಜ ತಿಳಿಯಲಿ ಎಂದು, ಪ್ರತಿಗಳು ನಿಮ್ಮ ಅಜ್ಜಿ ಸರ್ಕಾರದ ಲೆಕ್ಕದಲ್ಲಿ ಮೇಡಂ ಆಗಿದ್ದಕ್ಕೆ ಇರುವ ಒಂದೇ ಪುರಾವೆ ಎಂದು.