ನನ್ನ ಉಸಿರಿನ ಲೆಕ್ಕ

ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೂ ಆಗುವುದಿದ್ದರೆ ಅಳು ಬರುವ ಹೊತ್ತಿಗೇ ಆಗುತ್ತದೆ. ನನಗೆ ಅಕ್ಷರ ಬಾರದು. ನಾನು ಹೇಳಿದ್ದನ್ನು ಸೊಸೆ ಬರೆದುಕೊಳ್ಳುತ್ತಾಳೆ, ನಡುನಡುವೆ ಪೆನ್ನು ನಿಲ್ಲಿಸುತ್ತಾಳೆ. ಅವಳ ಮಗಳ ಕಥೆಯಲ್ಲವೇ.

ಮೊಮ್ಮಗಳಿಗೆ ಹತ್ತೊಂಬತ್ತು. ಆಟಿಸಂ ಎಂದು ಚಿಕ್ಕಂದಿನಲ್ಲೇ ಹೇಳಿದ್ದರು. ದೊಡ್ಡವಳಾದ ಮೇಲೆ ಒಸಿಡಿ ಎಂದು ಇನ್ನೊಂದು ಸೇರಿತು. ಎಣಿಸುತ್ತಾಳೆ. ಮೆಟ್ಟಿಲು, ಕಿಟಕಿಯ ಸರಳು, ನಾನು ತುತ್ತು ಅಗಿಯುವುದು, ಎಲ್ಲ. ಖುಷಿಗಲ್ಲ. ಲೆಕ್ಕ ತಪ್ಪಿದರೆ ಅಜ್ಜಿ ಸತ್ತುಹೋಗುತ್ತಾಳೆ ಎಂಬ ಹೆದರಿಕೆ ತಲೆಯೊಳಗೆ ಕೂತುಬಿಟ್ಟಿದೆ. ಅದು ಸುಳ್ಳೆಂದು ಅವಳಿಗೂ ಗೊತ್ತು, ಬಿಡಲಿಕ್ಕೆ ಆಗುವುದಿಲ್ಲ. ಹೊರಗೆ ಮಾತೆಲ್ಲ ತಮಿಳು, ನನ್ನ ಹತ್ತಿರ ಮಾತೂ ಎಲ್ಲ ಕಡೆ ಎಣಿಕೆಯೂ ಕನ್ನಡ. ಕಲಿಸಿದವಳು ನಾನೇ. ಒಮ್ಮೊಮ್ಮೆ ಯಾಕಾದರೂ ಕಲಿಸಿದೆನೋ ಅನಿಸುತ್ತದೆ.

ಮಾಮಿಯ ಪೊಂಗಲ್

ಚೆನ್ನೈಯ ತಾಂಬರಂನಲ್ಲಿ ನಮ್ಮದು ಎರಡನೇ ಮಹಡಿ. ಇವಳು ಮೆಟ್ಟಿಲು ಎಣಿಸಿಕೊಂಡು ಇಳಿಯುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೇಲಿನಿಂದ ಶುರು. ನಾನು ಜೊತೆಗಿರಬೇಕು, ನನ್ನ ಮಂಡಿಯೂ ಜೊತೆಗಿರಬೇಕು. ಕೆಳಗಿನ ಮನೆಯ ಮಾಮಿ ಒಳ್ಳೆಯವರು, ದಿನಾ ಬಾಗಿಲಿಗೆ ಬಂದು "ಸಾಪ್ಟಾಚಾ?" ಎಂದು ಊಟ ವಿಚಾರಿಸುತ್ತಾರೆ. ಒಂದು ದಿನ ಅದರಿಂದ ಮೂರು ಸಲ ಹತ್ತಿಳಿದು ಹುಡುಗಿ ಅತ್ತಳು. ಸಂಜೆ ನಾನು ಹೋಗಿ, ಮೆಟ್ಟಿಲ ಮೇಲೆ ನಮ್ಮನ್ನು ಮಾತಾಡಿಸಬೇಡಿ ಮಾಮಿ ಎಂದು ಕೈಮುಗಿದು ಬಂದೆ. ಕಾರಣ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

ಅವರಿಗೆ ನಾವು ಮುನಿಸಿಕೊಂಡಂತೆ ಕಂಡಿರಬೇಕು. ಮಾರನೆಯ ದಿನ ಸಿಹಿ ಪೊಂಗಲ್ ಹಿಡಿದು ಕೊನೆಯ ಮೆಟ್ಟಿಲಲ್ಲೇ ಕಾದಿದ್ದರು. ನಾವು ಇನ್ನೆರಡು ಮೆಟ್ಟಿಲು ಇಳಿಯಬೇಕು ಅನ್ನುವಾಗ, ನನ್ನಿಂದ ಏನು ತಪ್ಪಾಯಿತು ಎಂದು ಶುರುಮಾಡಿದರು, ಮುಗಿಸುವವರೆಗೆ ನಿಲ್ಲಿಸಲಿಲ್ಲ. ಪೊಂಗಲ್ ತೆಗೆದುಕೊಂಡು ಮತ್ತೆ ಮೇಲಕ್ಕೆ ಹೋದೆವು. ಅದನ್ನು ಮೇಲಿನ ಮೆಟ್ಟಿಲಲ್ಲೇ ಕೂತು ತಿಂದೆವು, ಇಳಿಯುವುದಕ್ಕೆ ಶಕ್ತಿ ಬೇಕಲ್ಲ.

ಲಾಭ

ಅಕ್ಕಿ ಅಳೆಯುವಾಗ ನಾವು 'ಒಂದು' ಅನ್ನುವುದಿಲ್ಲ, ಮೊದಲ ಪಾವಿಗೆ 'ಲಾಭ' ಅನ್ನುತ್ತೇವೆ. ಲಾಭ, ಎರಡು, ಮೂರು. ಮೊಮ್ಮಗಳು ಇದನ್ನು ಕೇಳಿಸಿಕೊಂಡ ದಿನ ಬಿಳಿಚಿಕೊಂಡಳು. ಒಂದು ಎಲ್ಲಿ ಹೋಯಿತು? ಅಕ್ಕಿ ವಾಪಸು ಸುರಿದು ಅಳೆಸಿದಳು, ಮತ್ತೆ ಸುರಿದಳು. ನನ್ನ ಬಾಯಿಗೆ ರೂಢಿಯಾದದ್ದು ಬದಲಾಗಲಿಲ್ಲ. ಅನ್ನ ಆಗುವಾಗ ಮೂರು ಗಂಟೆ. ಕೊನೆಗೆ ಅವಳೇ ಸೋತು, ಇನ್ನು ಮೇಲೆ ಎಲ್ಲ ಲೆಕ್ಕಕ್ಕೂ ಒಂದು ಅಂದರೆ ಲಾಭ ಎಂದು ತೀರ್ಮಾನ ಮಾಡಿದಳು.

ಅದೇ ವಾರ ಹೊಸ ಡಾಕ್ಟರ ಹತ್ತಿರ ಹೋದೆವು. ನನಗಿಂತ ಮುಂಚೆ ಎಷ್ಟು ಡಾಕ್ಟರಿಗೆ ತೋರಿಸಿದ್ದೀರಿ ಎಂದು ಕೇಳಿದರು.

"ಲಾಭ" ಅಂದಳು ಹುಡುಗಿ.

ಡಾಕ್ಟರು ಪೆನ್ನು ಕೆಳಗಿಟ್ಟರು. ತಮಿಳಿನಲ್ಲೂ ಲಾಭ ಅಂದರೆ ದುಡ್ಡಿನ ಲಾಭವೇ. ನಾನು ಗಡಿಬಿಡಿಯಲ್ಲಿ ಅಕ್ಕಿಯಿಂದ ಶುರುಮಾಡಿ, ಪಾವು, ಅತ್ತೆ ಕಲಿಸಿದ್ದು, ಮೂರು ಗಂಟೆಯ ಊಟ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ ಇನ್ನೊಂದು ಖಾಲಿ ಹಾಳೆ ತೆಗೆದು, "ಅಜ್ಜಿ, ನಿಮ್ಮ ವಯಸ್ಸೆಷ್ಟು?" ಅಂದರು.

ಆರರ ಮೇಲೆ

ಮಧ್ಯಾಹ್ನ ನಾನು ಮಲಗಿದರೆ ಪಕ್ಕ ಕೂತು ನನ್ನ ಉಸಿರು ಎಣಿಸುತ್ತಾಳೆ. ಹತ್ತು ಆಗಬೇಕು. ಆದರೆ ಅವಳು "ಏಳು" ಅಂದ ಕೂಡಲೇ ನಾನು ಎದ್ದು ಕೂರುತ್ತೇನೆ. ಹದಿನಾರನೇ ವಯಸ್ಸಿನಿಂದ ಅತ್ತೆ "ಏಳು" ಅಂದರೆ ಎದ್ದ ಮೈ ಇದು. ನಾನು ಎದ್ದರೆ ಲೆಕ್ಕ ಕೆಡುತ್ತದೆ. ಅವಳು ಅಳುತ್ತಾಳೆ, ನಾನು ಮಲಗುತ್ತೇನೆ, ಮತ್ತೆ ಏಳುತ್ತೇನೆ. ಹೀಗೆ ಮಲಗಿ ಎದ್ದು ನಾನು ನಿದ್ದೆ ಕಂಡು ಎಷ್ಟೋ ತಿಂಗಳಾಯಿತು.

ಅಡ್ಯಾರಿನಲ್ಲಿ ಇದಕ್ಕೆಂದೇ ತರಬೇತಿ ಕೊಡುವ ಮೇಡಂ ಒಬ್ಬರು ಉಪಾಯ ಹೇಳಿದರು. ಆರಕ್ಕೆ ನಿಲ್ಲಿಸಿಬಿಡು. ಹೆದರಿಕೆ ಬರುತ್ತದೆ, ಬರಲಿ, ಸಹಿಸಿಕೊಂಡು ಕೂತಿರು, ಅಜ್ಜಿ ಇರುತ್ತಾರೆ. ಮೂರು ವಾರ ಅವಳಿಂದ ಆಗಲಿಲ್ಲ. ಸೊಸೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವುದು, ಸೋತ ಮುಖ ಮಾಡಿ ಒಳಗೆ ಹೋಗುವುದು, ಇಷ್ಟೇ.

ಮೊನ್ನೆ ಕಣ್ಣು ಮುಚ್ಚಿ ಮಲಗಿದ್ದೆ. ನಾಲ್ಕು, ಐದು, ಆರು. ಆಮೇಲೆ ಸದ್ದಿಲ್ಲ. ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ದೇವರೇ, ಇವತ್ತು ನಿಲ್ಲಿಸಿದಳು ಅಂದುಕೊಂಡೆ. ನಾನು ಉಸಿರು ಬಿಟ್ಟರೆ ಎಲ್ಲಿ ಎಣಿಸಿಬಿಡುತ್ತಾಳೋ ಎಂದು ಉಸಿರು ಕಟ್ಟಿ ಹಿಡಿದೆ. ಅವಳಿಗೆ ಸಹಾಯ ಮಾಡುವುದು ನನ್ನ ಲೆಕ್ಕ. ಅವಳಿಗೆ ಕಂಡದ್ದು, ಲೆಕ್ಕ ನಿಲ್ಲಿಸಿದ ಕೂಡಲೇ ಅಜ್ಜಿಯ ಎದೆಯೂ ನಿಂತದ್ದು.

"ಅಜ್ಜೀ, ಏಳು!"

ಕೂಗಿದ ರಭಸಕ್ಕೆ ಸೊಸೆ ಓಡಿಬಂದಳು. ನಾನು ಏಳಲಿಲ್ಲ. ಕಣ್ಣು ಮಾತ್ರ ಬಿಟ್ಟು ಕೇಳಿದೆ, "ಇದು ಯಾವ ಏಳು ಮಗಾ? ಎಣಿಸುವ ಏಳೋ, ಹಾಸಿಗೆಯಿಂದ ಏಳೋ?"

ಹುಡುಗಿ ಬಿಕ್ಕುತ್ತಲೇ ಯೋಚಿಸಿದಳು. ಯೋಚಿಸಿಯೇ ಹೇಳುವವಳು ಅವಳು, ಸುಳ್ಳು ಬರುವುದಿಲ್ಲ.

"ಹಾಸಿಗೆಯಿಂದ" ಅಂದಳು. "ಲೆಕ್ಕ ಆರಕ್ಕೇ ನಿಂತಿದೆ."

ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಮಗ್ಗುಲು ಬದಲಿಸಿ, ಲೆಕ್ಕ ನಿಂತ ಮೇಲೆ ಏಳುವ ಗಡಿಬಿಡಿ ಏನು ಎಂದು ನಾಲ್ಕು ಗಂಟೆಯವರೆಗೆ ನಿದ್ದೆ ಮಾಡಿದೆ.