ಕೌದಿ ಮಾರುವ ವೆಬ್‌ಸೈಟನ್ನು ಕಟ್ಟಿ ಕಟ್ಟಿ ಕೆಡವಿದವರಿಗೆ

ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟು ನಮ್ಮ ಸೀಮೆಯನ್ನು ಉದ್ಧರಿಸುತ್ತಿರುವ ಮಾನ್ಯ ಅನಿಲ ಅವರೇ, ಅವರ ಪಾಲುದಾರರಾದ ಮಾನ್ಯ ಅರುಣಕುಮಾರ ಅವರೇ,

ತಂಗಡಗಿಯ ಶಂಕ್ರೆವ್ವ ಮಾಡುವ ಶರಣು ಶರಣಾರ್ಥಿ. ತಮ್ಮ ಬೆರಳು, ಕಣ್ಣು ಮತ್ತು ಅಂಗಡಿಯ ಕರೆಂಟು ಕ್ಷೇಮವೆಂದು ನಂಬಿದ್ದೇನೆ. ನನ್ನ ಅಕ್ಷರ ಸೊಟ್ಟಗಿದ್ದರೆ ತಮ್ಮ ಯಂತ್ರದಲ್ಲಿ ನೆಟ್ಟಗೆ ಮಾಡಿಕೊಳ್ಳಬೇಕು.

ನಮ್ಮ ಓಣಿಯ ಹೆಂಗಸರು ಹಳೆಯ ಸೀರೆ ಸೇರಿಸಿ ಹೊಲಿಯುವ ಕೌದಿಗಳನ್ನು ಪರವೂರಿನವರು ಕುಳಿತಲ್ಲೇ ನೋಡಿ ಬೇಕೆಂದು ಹೇಳಿಕಳಿಸುವಂತೆ ಒಂದು ವೆಬ್‌ಸೈಟು ಮಾಡಿಕೊಡುವುದಾಗಿ ತಾವು ಯುಗಾದಿಗೆ ಮಾತು ಕೊಟ್ಟಿರಿ. ನಮ್ಮ ಓಣಿಯ ಹಜರಾಬಿಗೆ ಆ ಮಾತೇ ಆಧಾರವಾಗಿತ್ತು. ಅವಳಷ್ಟು ಸಣ್ಣ ಹೊಲಿಗೆಯನ್ನು ಈ ಹೊಳೆಸಾಲಿನಲ್ಲಿ ಇನ್ನೊಬ್ಬಳು ಹಾಕುವುದಿಲ್ಲ. ದಸರೆಯೊಳಗೆ ಕೆಲಸ ಸಿಗದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಗೋವೆಗೆ ಸಿಮೆಂಟ್ ಹೊರಲು ಹೋಗುವವಳಿದ್ದಳು, ಇದು ತಮಗೂ ಗೊತ್ತಿತ್ತು.

ಪಿಎಚ್‌ಪಿಯ ಫ್ರೇಮ್‌ವರ್ಕಿನ ಮೇಲೆ ತಾವು ವಾರದೊಳಗೆ ಸೈಟು ಎಬ್ಬಿಸಿ ನಿಲ್ಲಿಸಿದಿರಿ. ಫ್ರೇಮ್‌ವರ್ಕ್ ಎಂದರೆ ಕೌದಿಗೆ ಕೆಳಗೆ ಹಾಸುವ ಸೀರೆ, ಉಳಿದದ್ದನ್ನೆಲ್ಲ ಅದರ ಮೇಲೆ ಹೊಲಿಯುವುದು ಎಂದು ನಾನು ತಿಳಿದುಕೊಂಡೆ. ಮೂರು ಕಲ್ಲಿನ ಒಲೆಯಂಥದು ಅದು. ಹೊಗೆ ಬಂದರೂ ರೊಟ್ಟಿ ಬೆಂದಿತು. ಆದರೆ ಅರುಣಕುಮಾರ ಅವರು ಮೂಗು ಮುರಿದು, “ಆಯಿ, ಇದು ಕಚ್ಚಾ ಕೆಲಸ ಐತ್ರಿ, ನಾಳೆ ಲಕ್ಷ ಮಂದಿ ಬಂದ್ರ ತಡಿಯಾಂಗಿಲ್ಲ” ಎಂದು ಅದನ್ನು ಕಿತ್ತು ಜಾವಾದ ಸ್ಟ್ರಟ್ಸ್ ಎಂಬ ಇನ್ನೊಂದು ಸೀರೆ ಹಾಸಿದರು. ಬೀಗರಿಗೆ ನೀರು ಕೊಡುವ ಮೊದಲು ಏಳು ತಲೆಮಾರಿನ ಬೇರು ಕೇಳುವ ಹಿರಿಯನ ಹಾಗೆ ಅದು ಕಡತದ ಮೇಲೆ ಕಡತ ಬರೆಸಿಕೊಂಡಿತೇ ಹೊರತು ಒಂದು ಕೌದಿಯ ಚಿತ್ರವನ್ನೂ ತೋರಿಸಲಿಲ್ಲ. ಲಕ್ಷ ಮಂದಿ ಬಂದರೆ ತಂಗಡಗಿಯಲ್ಲಿ ಅವರಿಗೆ ಹೊಳೆಯೇ ಗತಿ ಎಂಬುದು ಬೇರೆ ಮಾತು. ಆಮೇಲೆ ಅನಿಲ ಅವರ ಮನಸ್ಸು ರೂಬಿಯ ರೇಲ್ಸ್ ಎಂಬ ಮೂರನೆಯದರ ಮೇಲೆ ಹೋಯಿತು. ಅದು ಜಾಣ ಅತ್ತೆ: ತಾನು ಹೇಳಿದ ಜಾಗದಲ್ಲಿ ತಾನು ಹೇಳಿದ ಪಾತ್ರೆ ಇಟ್ಟರೆ ಅಡಿಗೆ ತಾನೇ ಆದಂತೆ, ಇಡದಿದ್ದರೆ ಮಾತೇ ಬಂದ್.

ನಮ್ಮಲ್ಲಿ ಕೆಳಗಿನ ಸೀರೆ ಹಾಸಿ ಅಂಚಿಗೆ ಹೊಲಿಗೆ ಬಿದ್ದ ಮೇಲೆ, ಪಕ್ಕದ ಮನೆಯ ಸೀರೆ ಚೆಂದ ಕಂಡಿತೆಂದು ಬಿಚ್ಚುವ ಪದ್ಧತಿಯಿಲ್ಲ. ಬಿಚ್ಚಿದವಳನ್ನು ಮುಂದಿನ ಕೌದಿಗೆ ಯಾರೂ ಕರೆಯುವುದಿಲ್ಲ. ತಾವು ವಿದ್ಯಾವಂತರು, ತಮ್ಮನ್ನು ಮತ್ತೆ ಮತ್ತೆ ಕರೆದೆವು.

ಮೊದಲ ಸೈಟು ಬದುಕಿದ್ದಾಗಲೇ ಸೊಲ್ಲಾಪುರದ ಹೆಣ್ಣುಮಗಳೊಬ್ಬಳು ಹಜರಾಬಿಯ ಹಸಿರು ಕೌದಿ ನೋಡಿ, ತನ್ನ ಲಾಡ್ಜಿನ ಕೋಣೆಗೊಂದರಂತೆ ಬೇಕೆಂದು ಅದರಲ್ಲೇ ಬರೆದು ಕಳಿಸಿದ್ದಳಂತೆ. ಆ ಸೈಟನ್ನು ಅಳಿಸುವ ಮೊದಲು ಒಳಗೆ ಇಣುಕುವುದು ತಮ್ಮ ಅಂತಸ್ತಿಗೆ ಕಡಿಮೆ ಎನಿಸಿರಬೇಕು. ಆಕೆ ಶ್ರಾವಣದವರೆಗೆ ಕಾದು, ತಮ್ಮ ಅಂಗಡಿಗೆ ಫೋನು ಹಚ್ಚಿ, “ಉತ್ತರಾನ ಕೊಡಾಂಗಿಲ್ಲಂದ್ರ ಅಂಗಡಿ ಯಾಕ ತೆರದೀರಿ?” ಎಂದು ಬೈದು, ಕೆಲಸವನ್ನು ಬೇರೆ ಊರಿನವರಿಗೆ ಕೊಟ್ಟಳು. ಆ ಹೊತ್ತಿನಲ್ಲೂ ತಾವಿಬ್ಬರೂ ಮೂರು ಫ್ರೇಮ್‌ವರ್ಕುಗಳಲ್ಲಿ ಯಾವುದು ಮೇಲು ಎಂದು ವಾದಿಸುತ್ತಿದ್ದಿರೆಂದು ತಿಳಿದು ನನ್ನ ಎದೆ ಹೆಮ್ಮೆಯಿಂದ ಉಬ್ಬಿತು.

ಆದಕಾರಣ, ದಯಮಾಡಿ ನಾಲ್ಕನೆಯ ಫ್ರೇಮ್‌ವರ್ಕನ್ನೂ ತರಿಸಬೇಕು. ಐದನೆಯದು ಹುಟ್ಟಿದ್ದರೆ ಅದರ ತೊಟ್ಟಿಲಿಗೂ ಹೋಗಿಬರಬೇಕು. ಎಲ್ಲವನ್ನೂ ತೂಗಿ ಮುಗಿಯುವವರೆಗೆ ದಸರೆಯನ್ನು ಮುಂದೂಡಿಸಬೇಕು, ಹಜರಾಬಿಯ ಮಕ್ಕಳ ಹಸಿವಿಗೆ ಸ್ವಲ್ಪ ತಡೆಯಲು ಖುದ್ದಾಗಿ ಹೇಳಬೇಕು. ಕಲಿತವರ ಮಾತು ಕೇಳೀತು.

ತಮ್ಮ ಏಳಿಗೆಯನ್ನು ದೂರದಿಂದಲೇ ಬಯಸುವ
ತಮ್ಮ ವಿಶ್ವಾಸಿ,
ಶಂಕ್ರೆವ್ವ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಹಜರಾಬಿ ಗಂಟು ಹೊತ್ತು ಬಂದು, ತನ್ನ ಸೂಜಿಗಳನ್ನು ನನ್ನ ಕೈಗಿಟ್ಟು, “ಯವ್ವಾ, ತುಕ್ಕು ಹಿಡಿಯಾಕ ಬಿಡಬ್ಯಾಡ್ರಿ” ಎಂದು ಗೋವೆಯ ಬಸ್ಸು ಹತ್ತಿದಳು. ತಮ್ಮ ಹೋಲಿಕೆ ಮುಗಿದು ಯಾವುದಾದರೂ ಒಂದು ಗೆದ್ದರೆ ಅವಳಿಗೆ ಅಲ್ಲಿಗೇ ತಿಳಿಸಿ. ತಲೆಯ ಮೇಲೆ ಸಿಮೆಂಟ್ ಬುಟ್ಟಿ ಇದ್ದಾಗ ಕಿವಿ ಖಾಲಿಯೇ ಇರುತ್ತದೆ.