ಲಗ್ನಪತ್ರಿಕೆಗೆ ಕೂರಿಸಿದ ಎಡಿಟರ್

ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸದಲ್ಲಿ ಎದೆ ಧಸಕ್ಕೆನ್ನುವಂಥದ್ದು ಏನಿರುತ್ತದೆ ಎಂದು ನಮ್ಮತ್ತೆ ಕೇಳುತ್ತಾರೆ. ಲಗ್ನಪತ್ರಿಕೆಯ ಕೆಲಸಕ್ಕೆ ಕೈಹಾಕಿದ ಮೇಲೆ ನನಗಂತೂ ಅದು ಊಟ ತಿಂಡಿಯಷ್ಟೇ ಮಾಮೂಲಾಗಿದೆ.

ನಾನು ಕಡೂರಿನ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವವಳು. ತರೀಕೆರೆಯ ಪ್ರೆಸ್ಸಿನ ಯಜಮಾನರೊಬ್ಬರಿಗೆ, ಗಿರಾಕಿಗಳು ತಮ್ಮ ಪತ್ರಿಕೆಯನ್ನು ತಾವೇ ಬರೆದು ಕಳಿಸುವಂಥದ್ದೊಂದು ಬೇಕಿತ್ತು. ಮಾಡಿಕೊಟ್ಟೆ. ಬರೆಯಲು ಒಂದು ಖಾಲಿ ಚೌಕ ಇಟ್ಟಿದ್ದೆ. ಹೆಸರು ದಪ್ಪ ಮಾಡಲು ಬಾರದ ಮೇಲೆ ಅದೆಂಥ ಲಗ್ನಪತ್ರಿಕೆ ಎಂದು ಅವರು ಮುಖ ಸಿಂಡರಿಸಿದರು. ಸರಿ, ಜಾವಾಸ್ಕ್ರಿಪ್ಟ್ ಎಂಬ ಕೋಡ್ ಭಾಷೆಯಲ್ಲಿ ಸಿದ್ಧವಾಗಿ ಸಿಗುವ ರಿಚ್ ಟೆಕ್ಸ್ಟ್ ಎಡಿಟರ್ ಒಂದನ್ನು ತಂದು ಆ ಚೌಕದ ಜಾಗದಲ್ಲಿ ಕೂರಿಸಿದೆ. ಅಕ್ಷರ ದಪ್ಪ ಮಾಡಲು, ಬಣ್ಣ ಹಾಕಲು, ಗಾತ್ರ ಬದಲಿಸಲು ಮೇಲೊಂದು ಗುಂಡಿಗಳ ಸಾಲು.

ಮೊದಲ ಗಿರಾಕಿ ಅಜ್ಜಂಪುರದವರು, ಮಗಳ ಮದುವೆ. ಹುಡುಗಿಯ ತಂದೆ ನನಗೇ ಫೋನ್ ಮಾಡಿದರು.

"ಪತ್ರಿಕೆ ವಿಷ್ಯಕ್ಕೆ ನಮ್ಮೋರು ಒಬ್ರೂ ಮುನಿಸ್ಕಬಾರ್ದು ಕಣಮ್ಮ. ನಮ್ಮಣ್ಣನ ಮದ್ವೇಲಿ ಒಂದು ಹೆಸ್ರು ಬಿಟ್ಟೋಗಿತ್ತು. ಆ ಮನೆಯೋರು ಇವತ್ತಿಗೂ ನಮ್ಮನೇಲಿ ನೀರು ಮುಟ್ಟಲ್ಲ."

ಅವರ ದನಿಯಲ್ಲಿ ನಿಜವಾದ ಭಯ ಇತ್ತು. ಆಯಿತು, ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದೆ. ಎಂಥ ಧೈರ್ಯ ನನ್ನದು.

ಎರಡು ಸಾಲು

ಪ್ರೆಸ್ಸಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಗುಂಡಿಗಳ ಸಾಲು ಒಂದಲ್ಲ, ಎರಡು. ಒಂದರ ಕೆಳಗೊಂದು. ನನ್ನ ಕೋಡ್ ಎಡಿಟರನ್ನು ಎರಡು ಸಲ ಹುಟ್ಟಿಸಿತ್ತು. ನನ್ನ ಎದೆ ಹಾರಿತು, ಗಡಿಬಿಡಿಯಲ್ಲಿ ಒಂದನ್ನು ತೆಗೆದೆ.

ಅಷ್ಟರಲ್ಲಿ ಯಜಮಾನರು ಅಜ್ಜಂಪುರದವರಿಗೆ ತಮಗೆ ತೋಚಿದ್ದನ್ನು ವಿವರಿಸಿ ಆಗಿತ್ತು: ಒಂದು ಗಂಡಿನ ಕಡೆಯವರಿಗೆ, ಇನ್ನೊಂದು ಹೆಣ್ಣಿನ ಕಡೆಯವರಿಗೆ. ಗಂಡಿನವರು ಯಗಟಿಯವರು. ಹುಡುಗಿಯ ತಂದೆ ಏದುಸಿರು ಬಿಡುತ್ತಾ ಫೋನ್ ಮಾಡಿದರು.

"ತೆಗ್ದಿದ್ದು ಯಾರ ಕಡೇದಮ್ಮ? ಗಂಡಿನ ಕಡೇದಾಗಿದ್ರೆ ಯಗಟಿಯೋರಿಗೆ ಗೊತ್ತಾಗೋದ್ರೊಳ್ಗೆ ವಾಪಸ್ ಹಾಕ್ಬಿಡಿ."

ದೊಡ್ಡಪ್ಪನ ಬಿ

ಈ ಎಡಿಟರ್ ಒಂದು ಹೆಸರನ್ನು ದಪ್ಪ ಮಾಡಿದರೆ, ಒಳಗೊಳಗೆ ಅದರ ಹಿಂದೆ ಮುಂದೆ ಇಂಗ್ಲಿಷಿನ ಬಿ ಅಕ್ಷರದ ಗುರುತು ಹಾಕಿಕೊಳ್ಳುತ್ತದೆ. ಓದುವವರಿಗೆ ಅದು ಕಾಣಬಾರದು. ಅದನ್ನು ಮರೆಮಾಡುವ ಕೆಲಸ ನಾನು ಮರೆತಿದ್ದೆ. ಯಜಮಾನರು ಮಾದರಿ ಪ್ರತಿಯೊಂದನ್ನು ಹಾಗೇ ಅಚ್ಚು ಹಾಕಿ ಅಜ್ಜಂಪುರಕ್ಕೆ ಕಳಿಸಿಬಿಟ್ಟರು. ಹುಡುಗಿಯ ತಂದೆ ದಪ್ಪ ಮಾಡಿದ್ದು ತಮ್ಮ ಅಣ್ಣನ ಹೆಸರನ್ನು, ಅಂದರೆ ಹುಡುಗಿಯ ದೊಡ್ಡಪ್ಪನ ಹೆಸರನ್ನು ಮಾತ್ರ. ಹೀಗಾಗಿ ಆ ಒಬ್ಬರ ಹೆಸರಿಗೆ ಆ ಕಡೆ ಈ ಕಡೆ ಬಿ.

ಮಾದರಿಯ ಫೋಟೋ ನನಗೂ ಬಂತು. ಕ್ಷಮೆ ಕೇಳೋಣವೆಂದು ಫೋನ್ ಮಾಡಿದರೆ ಹುಡುಗಿಯ ತಂದೆಯ ದನಿ ಇನ್ನೂ ಕುಗ್ಗಿತ್ತು.

"ನಮ್ ಬಾಮೈದ ಬೆಳಗ್ಗಿಂದ ಇಲ್ಲೇ ಕೂತವ್ನೆ ಕಣಮ್ಮ. ನಿಮ್ಮಣ್ಣಂಗೊಬ್ರಿಗೇ ಯಾಕೆ ಬಿ ಹಾಕ್ಸಿದೀರಿ, ನಾನೂ ಡಿಗ್ರಿ ಓದಿದೀನಿ ಅಂತಾನೆ."

ಕಪ್ಪು ಅಂಚು

ಬಿ ಮಾಯವಾಯಿತು. ಇನ್ನು ನಿಶ್ಚಿಂತೆ ಎಂದು ಕಾಫಿ ಕುಡಿಯುತ್ತಾ ಪತ್ರಿಕೆ ತೆರೆದೆ. ಲೋಟ ಕೈಯಿಂದ ಜಾರುವುದೊಂದು ಬಾಕಿ. ಮದುವೆ ಪತ್ರಿಕೆಯ ಸುತ್ತ ಕಪ್ಪು ಅಂಚು. ಕೆಳಗೆ 'ದುಃಖತಪ್ತರು' ಎಂದು ಬರೆದು ಹುಡುಗಿಯ ತಂದೆ ತಾಯಿಯ ಹೆಸರು.

ಆದದ್ದು ಇಷ್ಟು. ಹಿಂದೆ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಮಾಡಿಸಿದ್ದ ಶಿವಗಣಾರಾಧನೆಯ ಪತ್ರಿಕೆ ದೊಡ್ಡಪ್ಪನ ಕಂಪ್ಯೂಟರಿನಲ್ಲಿತ್ತು. ನೆಂಟರ ಹೆಸರುಗಳನ್ನೆಲ್ಲ ಅವರು ಅಲ್ಲಿಂದ ಎತ್ತಿ ಎಡಿಟರಿಗೆ ಸುರಿದಿದ್ದರು. ಅದು ಹೆಸರಿನ ಜೊತೆ ಅಂಚನ್ನೂ ದುಃಖವನ್ನೂ ಹೊತ್ತು ತಂದಿತ್ತು. ಹೀಗೆಲ್ಲ ಮಾಡಬಾರದು ಎಂದು ಅವರಿಗೆ ಫೋನಿನಲ್ಲಿ, ತಡೆಯಲಾರದೆ, ಸ್ವಲ್ಪ ಬಿರುಸಾಗಿಯೇ ಹೇಳಿದೆ. ದೊಡ್ಡಪ್ಪ ಶಾಂತವಾಗಿ ಕೇಳಿಸಿಕೊಂಡರು.

"ಅಂಚು ತಗೀರಿ. ಹೆಸ್ರು ಮಾತ್ರ ಮುಟ್ಬೇಡಿ. ಆ ಸಾವಿಗೆ ಒಬ್ರೂ ಮುನಿಸ್ಕಂಡಿರ್ಲಿಲ್ಲ."

ಜಾಗ ಸಾಲಲಿಲ್ಲ

ಕೊನೆಗೆ ಹುಡುಗಿಯ ತಂದೆ ಒಂದು ಉಪಾಯ ಮಾಡಿದರು. ಅವರವರ ಹೆಸರು ಅವರವರೇ ನೋಡಿಕೊಳ್ಳಲಿ, ನಾಳೆ ನನ್ನ ಮೇಲೆ ಮಾತು ಬೇಡ ಎಂದು ಎಡಿಟರಿನ ಲಿಂಕನ್ನು ನೆಂಟರಿಗೆಲ್ಲ ಕಳಿಸಿಬಿಟ್ಟರು. ನೆಂಟರು ನೋಡಿಕೊಂಡರು. ಒಬ್ಬರು ತಮ್ಮ ಹೆಸರು ದೊಡ್ಡದು ಮಾಡಿದರೆ ಪಕ್ಕದವರು ತಮ್ಮದನ್ನು ಅದಕ್ಕಿಂತ ದೊಡ್ಡದು ಮಾಡಿದರು. ಹುಡುಗಿಯ ತಂದೆಯ ಸಿಂಗಟಗೆರೆ ಭಾವನವರ ಹೆಸರು ಒಂದೇ ಇಡೀ ಸಾಲು ನುಂಗಿ ಕೆಂಪಗೆ ಕೂತಿತ್ತು. ಪತ್ರಿಕೆ ಕಾರ್ಡಿನ ಆಚೆಗೆ ಉಕ್ಕಿ ಹರಿಯಿತು. ಯಾರದನ್ನೂ ಚಿಕ್ಕದು ಮಾಡುವಂತಿಲ್ಲ, ನಾನೇ ಸರಿಮಾಡಿಸುತ್ತೇನೆ ಎಂದು ದೊಡ್ಡಪ್ಪ ಹೊಣೆ ಹೊತ್ತರು.

ಮಾರನೆಯ ದಿನ ಯಜಮಾನರು ಖುಷಿಯಿಂದ ಫೋನ್ ಮಾಡಿದರು. ಪತ್ರಿಕೆ ಒಂದೇ ಕಾರ್ಡಿಗೆ ಕೂತಿದೆ, ಎಲ್ಲರೂ ಒಪ್ಪಿದ್ದಾರೆ, ಅಚ್ಚಿಗೆ ಹಾಕುವುದೊಂದೇ ಬಾಕಿ. ನಾನು ಸುಮ್ಮನೆ ಒಂದು ಸಲ ಓದಿದೆ. ಇನ್ನೊಂದು ಸಲ ಓದಿದೆ. ಹುಡುಗಿಯ ಹೆಸರಿದೆ, ಮುಹೂರ್ತವಿದೆ, ಕಲ್ಯಾಣ ಮಂಟಪವಿದೆ. ಹುಡುಗನ ಹೆಸರೇ ಇಲ್ಲ.

ನನ್ನ ಎಡಿಟರೇ ನುಂಗಿತು ಎಂದುಕೊಂಡು ಅಳು ಬಂತು. ಅಚ್ಚು ನಿಲ್ಲಿಸಿ ಎಂದು ಯಜಮಾನರಿಗೆ ಕೂಗಿ ಹೇಳಿ, ಹುಡುಗಿಯ ತಂದೆಗೆ ಫೋನ್ ಮಾಡಿದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಅವರ ಕೈಯಿಂದ ಫೋನ್ ತೆಗೆದುಕೊಂಡರು.

"ಗಾಬ್ರಿ ಬೀಳ್ಬೇಡಿ, ನಾನೇ ತೆಗ್ದಿದ್ದು. ಜಾಗ ಸಾಲ್ತಿರ್ಲಿಲ್ಲ. ಸಿಂಗಟಗೆರೆ ಭಾವನ ಹೆಸ್ರು ಸಣ್ಣ ಮಾಡಿದ್ರೆ ಅವ್ರು ಮದ್ವೆಗೇ ಬರಲ್ಲ. ಹುಡ್ಗ, ಹೆಸ್ರು ಇಲ್ದಿದ್ರೂ ಬಂದೇ ಬತ್ತಾನೆ."